ಗಾಣದ ಎತ್ತಿನ ಸುತ್ತಲ್ಲ ಅದು

"ಷಾರ್ಲೆಟ್‌ನ 600 ಮೈಲಿ ಕಾರ್ ರೇಸ್‌ಗೆ ಎರಡು ಪುಟ ಕೊಟ್ಟಿದ್ದೀರಿ. ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಎಡಕ್ಕೇ ತಿರುಗುತ್ತಾ ಸುತ್ತುವುದರಲ್ಲಿ ನೋಡೋಕೆ ಏನಿದೆ? ಗಾಣದ ಎತ್ತೂ ಅದನ್ನೇ ಮಾಡುತ್ತದೆ. ಕೊನೆಯ ಹತ್ತು ಸುತ್ತಿನ ಕಥೆ ಬರೆದಿದ್ದರೆ ಸಾಕಿತ್ತು. ಅಂದಹಾಗೆ, ಫೋಟೋದಲ್ಲಿ ಕಾರಿನ ಮುಂದಿನ ಗಾಜಿನ ಮೇಲಿರುವ ಹೆಸರು ಡ್ರೈವರ್‌ದಲ್ಲ, ಯಾರದು?" ಎಂದು ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಪತ್ರ ಬರೆದಿದ್ದು ಒಳ್ಳೆಯದಾಯಿತು. ಈ ರೇಸ್ ನನಗೆ ತುಂಬಾ ಇಷ್ಟ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಗಾಣದ ಎತ್ತಿಗೆ ಮೊದಲ ಸುತ್ತೂ ಒಂದೇ, ನೂರನೇ ಸುತ್ತೂ ಒಂದೇ. ಇಲ್ಲಿ ಹಾಗಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರುವ ಈ ಟ್ರ್ಯಾಕ್ ಒಂದೂವರೆ ಮೈಲಿ ಉದ್ದ, ತಿರುವುಗಳಲ್ಲಿ ರಸ್ತೆ 24 ಡಿಗ್ರಿ ವಾಲಿದೆ. ಅದನ್ನು 400 ಸಲ ಸುತ್ತಬೇಕು. ಅಂದರೆ ಸುಮಾರು 965 ಕಿ.ಮೀ., ಹೆಚ್ಚುಕಮ್ಮಿ ಬೆಂಗಳೂರಿಂದ ಮುಂಬೈಗೆ ಹೋದಷ್ಟು ದೂರ. ರೇಸ್ ಶುರುವಾಗುವುದು ಸಂಜೆ ಆರರ ಸುಮಾರಿಗೆ, ಮೇ ತಿಂಗಳ ಬಿಸಿಲು ಇನ್ನೂ ಇರುವಾಗ. ಕಾದ ಡಾಂಬರಿನ ಮೇಲೆ ಟೈರ್ ಜಾರುತ್ತದೆ. ಹೊತ್ತು ಮುಳುಗಿದ ಮೇಲೆ ರಸ್ತೆ ತಣ್ಣಗಾಗುತ್ತದೆ, ಹಿಡಿತ ಜಾಸ್ತಿಯಾಗುತ್ತದೆ, ಮತ್ತೆ ಬಿಸಿಲಿನಲ್ಲಿ ಚೆನ್ನಾಗಿ ಓಡಿದ್ದ ಕಾರು ರಾತ್ರಿ ಒಂಬತ್ತಕ್ಕೆ ಹೇಳಿದ ಮಾತೇ ಕೇಳುವುದಿಲ್ಲ. ತಿರುವಿನಲ್ಲಿ ಹಿಂಭಾಗ ಹೊರಗೆ ಜಾರಿದರೆ ಕಾರು 'ಲೂಸ್'. ಮುಂಭಾಗ ತಿರುಗದೆ ನೇರ ಗೋಡೆ ಕಡೆ ಹೋದರೆ 'ಟೈಟ್'. ಡ್ರೈವರ್ ರೇಡಿಯೋದಲ್ಲಿ ಇದನ್ನೇ ಹೇಳುತ್ತಾ ಇರುತ್ತಾನೆ. ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ತಂಡದವರು ಕಾಯುವ ಜಾಗಕ್ಕೆ ಬಂದಾಗ ನಾಲ್ಕು ಟೈರ್ ಬದಲಾಯಿಸಿ ಪೆಟ್ರೋಲ್ ತುಂಬಿಸುವ ಆ ಹತ್ತು ಹನ್ನೊಂದು ಸೆಕೆಂಡಿನೊಳಗೆ, ಬೇಕಿದ್ದರೆ ಹಿಂದಿನ ಗಾಜಿನ ತೂತಿನಿಂದ ಉದ್ದ ಸ್ಪ್ಯಾನರ್ ತೂರಿಸಿ ಸ್ಪ್ರಿಂಗಿನ ಬಿಗಿಯನ್ನೂ ತುಸು ಬದಲಾಯಿಸುತ್ತಾರೆ. ಟೈರಿನ ಗಾಳಿ ಒಂದಿಷ್ಟು ಹೆಚ್ಚು ಕಡಿಮೆ ಮಾಡುತ್ತಾರೆ. ಅರ್ಧ ರೇಸ್ ನಡೆಯುವುದು ಅಲ್ಲೇ, ಕತ್ತಲಾದ ಮೇಲೆ ರಸ್ತೆ ಹೇಗಿರುತ್ತದೆ ಅಂತ ಮುಂಚೆಯೇ ಊಹಿಸುವುದರಲ್ಲಿ.

ಇನ್ನು ಪೆಟ್ರೋಲ್. ಟ್ಯಾಂಕ್‌ಗೆ 75 ಲೀಟರ್ ಹಿಡಿಯುತ್ತದೆ, 600 ಮೈಲಿಗೆ ಅದು ಎಲ್ಲಿ ಸಾಲುತ್ತದೆ? 2011ರಲ್ಲಿ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕೊನೆಯ ಸುತ್ತಿನಲ್ಲಿ ಮುಂದಿದ್ದ. ಗೆದ್ದು ಮೂರು ವರ್ಷವಾಗುತ್ತಾ ಬಂದಿತ್ತು, ಜನರೆಲ್ಲ ಎದ್ದು ನಿಂತಿದ್ದರು. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಪೆಟ್ರೋಲ್ ಖಾಲಿ. ಕೆವಿನ್ ಹಾರ್ವಿಕ್ ದಾಟಿಕೊಂಡು ಹೋಗಿ ಗೆದ್ದ. ಅರ್ನ್‌ಹಾರ್ಟ್ ಏಳನೆಯವನಾದ. ಈಗಲೂ ಅದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಕೊನೆಯ ಹತ್ತು ಸುತ್ತು ಸಾಕು ಅಂತೀರಲ್ಲ, 2025ರ ರೇಸನ್ನೇ ತೆಗೆದುಕೊಳ್ಳಿ. ಆರು ಸುತ್ತು ಬಾಕಿ ಇರುವಾಗ ರಾಸ್ ಚಾಸ್ಟೇನ್ ಅನ್ನುವವನು ವಿಲಿಯಂ ಬೈರನ್‌ನನ್ನು ಹಿಂದೆ ಹಾಕಿ ಗೆದ್ದ. ಅಷ್ಟು ಮಾತ್ರ ನೋಡಿದ್ದರೆ ಒಬ್ಬ ಇನ್ನೊಬ್ಬನನ್ನು ದಾಟಿದ, ಅಷ್ಟೇ ಅಲ್ವಾ? ಆದರೆ ಬೈರನ್ 400ರಲ್ಲಿ 283 ಸುತ್ತು ಮೊದಲ ಸ್ಥಾನದಲ್ಲಿದ್ದವನು. ಚಾಸ್ಟೇನ್‌ನ ಕಾರು ಹಿಂದಿನ ದಿನ ಅಭ್ಯಾಸದಲ್ಲೇ ಜಖಂ ಆಗಿ, ತಂಡದವರು ರಾತ್ರಿ ಕೂತು ಬೇರೆ ಕಾರು ಸಿದ್ಧ ಮಾಡಿದ್ದರು. ಅವನು ಹೊರಟಿದ್ದು 40ನೇ ಸ್ಥಾನದಿಂದ, ಎಲ್ಲರಿಗಿಂತ ಹಿಂದೆ. ಮೊದಲ 390 ಸುತ್ತು ಬಿಟ್ಟರೆ ಕೊನೆಯ ಹತ್ತರಲ್ಲಿ ಏನು ಉಳಿಯುತ್ತದೆ ಹೇಳಿ.

ನಿಮ್ಮ ಮಾತು ನಿಜ ಅನ್ನಿಸುವ ವರ್ಷವೂ ಇದೆ, ಒಪ್ಪುತ್ತೇನೆ. 2016ರಲ್ಲಿ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ 400ರಲ್ಲಿ 392 ಸುತ್ತು ಒಬ್ಬನೇ ಮುಂದಿದ್ದ. ಪೈಪೋಟಿ ಇರಲಿಲ್ಲ. ಆದರೆ ಬಿಸಿಲಿಗೂ ರಾತ್ರಿಗೂ ಒಂದೇ ಹದದಲ್ಲಿ ಓಡುವ ಕಾರು ಕಟ್ಟಿದರಲ್ಲ, ನನಗೆ ಅದೇ ದೊಡ್ಡದು.

600 ಮೈಲಿಯೇ ಯಾಕೆ? ಇಂಡಿಯಾನಾಪೊಲಿಸ್‌ನ ಹೆಸರಾಂತ 500 ಮೈಲಿ ರೇಸ್‌ಗಿಂತ ಉದ್ದ ಇರಲಿ ಅಂತ. 1960ರಲ್ಲಿ ಮೊದಲ ರೇಸ್ ನಡೆದಾಗ ಹೊಸ ಡಾಂಬರು ಇನ್ನೂ ಗಟ್ಟಿಯಾಗಿರಲಿಲ್ಲ, ಕಿತ್ತು ಬರುತ್ತಿತ್ತು. ಕಲ್ಲು ಬಡಿಯದಿರಲಿ ಅಂತ ಕಾರುಗಳಿಗೆ ಜಾಲರಿ ಕಟ್ಟಿಕೊಂಡಿದ್ದರು. ಜ್ಯಾಕ್ ಸ್ಮಿತ್ ಉಳಿದವರಿಗಿಂತ ಐದು ಸುತ್ತು ಮುಂದಿದ್ದ, ಒಂದಲ್ಲ ಎರಡಲ್ಲ, ಐದು. ಅಷ್ಟರಲ್ಲಿ ಡಾಂಬರಿನ ಚೂರು ಸಿಡಿದು ಟ್ಯಾಂಕ್ ತೂತಾಯಿತು. ಐದೂವರೆ ಗಂಟೆ ಓಡಿಸಿ ಗೆದ್ದಿದ್ದು ಜೋ ಲೀ ಜಾನ್ಸನ್.

ಫೋಟೋದ ಹೆಸರು ಮಡಿದ ಸೈನಿಕರೊಬ್ಬರದು. ಅಮೆರಿಕದವರು ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಸೋಮವಾರ ಬರುತ್ತದೆ, ರೇಸ್ ಅದರ ಹಿಂದಿನ ದಿನ. ಹಾಗಾಗಿ ಈ ರೇಸ್‌ನಲ್ಲಿ ಗಾಜಿನ ಮೇಲೆ ಡ್ರೈವರ್ ಹೆಸರಿನ ಜಾಗದಲ್ಲಿ ಸೈನಿಕರ ಹೆಸರು ಬರೆಯುತ್ತಾರೆ, ಅವರ ಮನೆಯವರನ್ನೂ ಕರೆಸುತ್ತಾರೆ. ಅರ್ಧ ರೇಸ್ ಮುಗಿದಾಗ ಎಲ್ಲ ಕಾರುಗಳನ್ನೂ ಪಿಟ್ ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿ ಎಂಜಿನ್ ಆರಿಸುತ್ತಾರೆ. ಅಷ್ಟು ಹೊತ್ತಿನ ಗದ್ದಲ ನಿಂತು ಇಡೀ ಮೈದಾನ ಮೌನವಾಗುತ್ತದೆ. ಆಮೇಲೆ ಮತ್ತೆ ಎಂಜಿನ್ ಶುರು, ಇನ್ನೂ 200 ಸುತ್ತು ಬಾಕಿ.