ಓದಿದ್ದೆಲ್ಲ ನೀರುಪಾಲಾಯಿತು ಅನ್ನಬೇಡಿ

ಪತ್ರ: ಸಂಪಾದಕರೇ, ಕಾನ್ವೆಂಟುಗಳ ವಯಸ್ಸಾದ ಸಿಸ್ಟರ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಿಟ್ಟು ಬಂತು. ನನ್ನ ಅಕ್ಕನ ಮಗಳು ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಕೈಯಲ್ಲಿ ಒಳ್ಳೆಯ ಕೆಲಸವಿತ್ತು. ಈಗ ಎಲ್ಲ ಬಿಟ್ಟು ಕಾನ್ವೆಂಟಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾವೂ ಕ್ಯಾಥೊಲಿಕರೇ, ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಆದರೂ ಕೇಳುತ್ತೇನೆ: ಇಷ್ಟೆಲ್ಲ ಓದಿಸಿದ್ದು ನಾಲ್ಕು ಗೋಡೆಯೊಳಗೆ ಕೂರುವುದಕ್ಕಾ? ಅಲ್ಲಿ ತೊಡಿಸುವ ವಿಧೇಯತೆಯ ವ್ರತ ಅಂದರೆ ಇನ್ನೊಬ್ಬರು ಹೇಳಿದಂತೆ ಕುಣಿಯುವುದು ತಾನೆ? ಓದಿದ್ದೆಲ್ಲ ನೀರುಪಾಲು. ಇಂಥ ಬದುಕನ್ನು ಹೊಗಳಿ ಹೆಣ್ಣುಮಕ್ಕಳ ತಲೆ ಕೆಡಿಸಬೇಡಿ. ನನ್ನ ಹೆಸರು ಹಾಕಬೇಡಿ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚು ಕಂಡಿತು. ಅಕ್ಕನ ಮಗಳಿಗಾಗಿ ಇಷ್ಟು ಸಂಕಟಪಡುವ ಚಿಕ್ಕಮ್ಮ ಇರುವುದು ಆ ಹುಡುಗಿಯ ಪುಣ್ಯ. ಅದಕ್ಕೇ ನಿಮಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಭಯಕ್ಕೆ ಆಧಾರ ಇಲ್ಲವೆನ್ನಲಾರೆ. ವಿಧೇಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಿದ್ದುಂಟು. ಕಾರ್ಡಿನಲ್‌ಗಳ, ಬಿಷಪರ ಮನೆಗಳಲ್ಲಿ ಸಿಸ್ಟರ್‌ಗಳು ಸರಿಯಾದ ಸಂಬಳವೂ ಇಲ್ಲದೆ, ಹೊತ್ತುಗೊತ್ತೂ ಇಲ್ಲದೆ ಚಾಕರಿ ಮಾಡುತ್ತಿದ್ದಾರೆಂದು 2018ರ ಮಾರ್ಚಿನಲ್ಲಿ ಬರೆದದ್ದು ವ್ಯಾಟಿಕನ್ ಪತ್ರಿಕೆಯದೇ ಮಹಿಳಾ ಪುರವಣಿ. ಮರುವರ್ಷ ಫೆಬ್ರವರಿಯಲ್ಲಿ, ಸಿಸ್ಟರ್‌ಗಳ ಮೇಲೆ ಪಾದ್ರಿಗಳೂ ಬಿಷಪರೂ ಲೈಂಗಿಕ ದೌರ್ಜನ್ಯ ನಡೆಸಿದ್ದುಂಟೆಂದು ಪೋಪ್ ಫ್ರಾನ್ಸಿಸ್ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಇದನ್ನು ಮುಚ್ಚಿಟ್ಟು ಆ ಬದುಕನ್ನು ಹೊಗಳಿದರೆ ಅದು ಸುಳ್ಳಾಗುತ್ತದೆ. ಇಷ್ಟನ್ನು ಒಪ್ಪಿದೆ. ಮಿಕ್ಕದ್ದರಲ್ಲಿ ನಿಮ್ಮೊಡನೆ ನನ್ನ ಜಗಳವಿದೆ.

ಗೋಡೆಯಿಂದಲೇ ಶುರುಮಾಡೋಣ. ಸನ್ಯಾಸಿನಿಯರು ಯಾವ ದೇಶದವರೇ ಆಗಲಿ, ಯಾವ ಸಂಘದವರೇ ಆಗಲಿ, ಮಠದ ಬಾಗಿಲು ದಾಟಕೂಡದೆಂದು ಕಟ್ಟಪ್ಪಣೆ ಮಾಡಿದ್ದು ಎಂಟನೆಯ ಬೊನಿಫೇಸ್ ಪೋಪ್, 1298ರಲ್ಲಿ. 1563ರಲ್ಲಿ ಬಿಷಪರ ಟ್ರೆಂಟ್ ಮಹಾಸಭೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಗೋಡೆ ಕಟ್ಟಿಸಿದವರು ಗಂಡಸರು. ಮೌನಕ್ಕೂ ಪ್ರಾರ್ಥನೆಗೂ ಗೋಡೆಯನ್ನು ತಾವಾಗಿ ಆರಿಸಿಕೊಂಡ ಹೆಂಗಸರು ಇದ್ದರು, ಇಂದೂ ಇದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ರೋಗಿಯ ಮನೆಗೆ ಹೋಗಬೇಕು, ಬಡವರ ಮಕ್ಕಳಿಗೆ ಅಕ್ಷರ ಕಲಿಸಬೇಕು ಎಂದು ಹಂಬಲಿಸಿದ ಹೆಂಗಸರು ಮುಂದಿನ ಮುನ್ನೂರು ವರ್ಷಗಳುದ್ದಕ್ಕೂ ಆ ಗೋಡೆಯೊಡನೆ ಗುದ್ದಾಡಿದ್ದಾರೆ. ಹೊರಗೆ ದುಡಿಯುವ, ಸರಳ ವ್ರತದ ಸಿಸ್ಟರ್‌ಗಳ ಸಂಸ್ಥೆಗಳಿಗೆ ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನಿನಲ್ಲಿ ಗಟ್ಟಿಯಾದ ನೆಲೆ ಸಿಕ್ಕಿದ್ದು 1900ರಲ್ಲಿ, ಹದಿಮೂರನೆಯ ಲಿಯೋ ಪೋಪರ ಕಾಲಕ್ಕೆ.

ಮೇರಿ ವಾರ್ಡ್ ಅವರ ಕಥೆ ನಿಮಗೆ ಹೇಳಲೇಬೇಕು. ಹುಟ್ಟಿದ್ದು 1585ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿ ಕ್ಯಾಥೊಲಿಕ್ ಪಾದ್ರಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೂ ಮರಣದಂಡನೆ ಆಗುತ್ತಿದ್ದ ಕಾಲ. 1609ರಲ್ಲಿ ಕೆಲವು ಗೆಳತಿಯರೊಡನೆ ಕಡಲು ದಾಟಿ, ಇಂದಿನ ಫ್ರಾನ್ಸಿನ ಸೇಂಟ್ ಓಮರ್ ಊರಿನಲ್ಲಿ ನೆಲೆ ನಿಂತು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಯೇಸುಸಭೆಯ (ಜೆಸ್ಯುಯಿಟ್) ಪಾದ್ರಿಗಳಂತೆ ನಾವೂ ಕರೆದಲ್ಲಿಗೆ ಹೋಗುತ್ತೇವೆ, ನಮಗೆ ಗೋಡೆ ಬೇಡ, ನಮ್ಮನ್ನು ನಮ್ಮಲ್ಲೇ ಒಬ್ಬಳು ಆಳಲಿ ಎಂದು ಕೇಳಿದರು. ಅವರ ಉತ್ಸಾಹ ಹೆಚ್ಚು ದಿನ ಬಾಳದು, ಎಷ್ಟಾದರೂ ಹೆಂಗಸರಲ್ಲವೇ ಎಂದು ಪಾದ್ರಿಯೊಬ್ಬರು ಆಡಿದ ಮಾತು ಕಿವಿಗೆ ಬಿತ್ತು. ಆಗ ಮೇರಿ ತಮ್ಮ ಸಂಗಾತಿಗಳಿಗೆ ಹೇಳಿದ್ದು ಇದು: ಹೆಂಗಸರು ದೊಡ್ಡ ಕೆಲಸ ಮಾಡಲಾಗದಷ್ಟು ಭೇದವೇನೂ ಗಂಡು ಹೆಣ್ಣಿನ ನಡುವೆ ಇಲ್ಲ, ಮುಂದೆ ಹೆಂಗಸರು ಬಹಳಷ್ಟನ್ನು ಮಾಡಿ ತೋರಿಸುತ್ತಾರೆಂದು ದೇವರಲ್ಲಿ ನನಗೆ ಭರವಸೆಯಿದೆ. 1621ರಲ್ಲಿ ಆಲ್ಪ್ಸ್ ಪರ್ವತ ದಾಟಿ ರೋಮಿಗೆ ಹೋಗಿ ಪೋಪರೆದುರು ತಮ್ಮ ಕೋರಿಕೆ ಇಟ್ಟರು. ಫಲ ಏನಾಯಿತು? ಹತ್ತು ವರ್ಷ ಕಳೆದು 1631ರಲ್ಲಿ ಎಂಟನೆಯ ಅರ್ಬನ್ ಪೋಪ್ ಆ ಸಂಸ್ಥೆಯನ್ನೇ ರದ್ದು ಮಾಡಿದರು. ಪಾಷಂಡಿ, ಅಂದರೆ ಧರ್ಮಬೋಧೆಗೆ ವಿರುದ್ಧ ನಡೆದವಳು, ಎಂಬ ಆರೋಪ ಹೊರಿಸಿ ಮೇರಿಯನ್ನು ಮ್ಯೂನಿಕ್‌ನ ಕನ್ಯಾಮಠವೊಂದರಲ್ಲಿ ಕೂಡಿಹಾಕಿದರು. ಅಲ್ಲಿಂದ ಅವರು ಹೊರಗಿನ ಗೆಳತಿಯರಿಗೆ ನಿಂಬೆಯ ರಸದಲ್ಲಿ ಪತ್ರ ಬರೆಯುತ್ತಿದ್ದರು. ಕಾಗದವನ್ನು ಬೆಂಕಿಗೆ ಹಿಡಿದರಷ್ಟೇ ಅಕ್ಷರ ಕಾಣುವುದು. ಕಾಯಿಲೆ ಉಲ್ಬಣಿಸಿದಾಗ, ತಪ್ಪೊಪ್ಪಿಗೆಯ ಧಾಟಿಯ ಕಾಗದವೊಂದಕ್ಕೆ ಸಹಿ ಹಾಕಿದರೆ ಮಾತ್ರ ಸಾವಿನಂಚಿನಲ್ಲಿರುವವರಿಗೆ ಕೊಡುವ ಅಂತಿಮ ಅಭ್ಯಂಗದ ಸಂಸ್ಕಾರ ಸಿಗುತ್ತದೆ ಎಂದರು. ಮೇರಿ ಸಹಿ ಹಾಕಲಿಲ್ಲ. ತಮ್ಮ ನಿಷ್ಠೆಯ ಹೇಳಿಕೆಯನ್ನು ತಾವೇ ಬರೆದುಕೊಟ್ಟರು. ಸಂಸ್ಥೆಯನ್ನು ಕಟ್ಟಿದವರು ಇವರೇ ಎಂದು ಬಹಿರಂಗವಾಗಿ ಹೇಳಲು ರೋಮ್ ಅನುಮತಿ ಕೊಟ್ಟಿದ್ದು 1909ರಲ್ಲಿ, ಅವರು ತೀರಿಕೊಂಡು 264 ವರ್ಷಗಳಾದ ಮೇಲೆ. ಆದರೆ ಕೆಲಸ ಅಷ್ಟರವರೆಗೆ ಕಾದು ಕುಳಿತಿರಲಿಲ್ಲ. ಅವರ ಪರಂಪರೆಯಿಂದ ಹುಟ್ಟಿದ ಲೊರೆಟೊ ಸಂಸ್ಥೆಗೆ 1928ರಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಸೇರಿದಳು. ಮುಂದೆ ಅವಳನ್ನು ಲೋಕವೆಲ್ಲ ಮದರ್ ತೆರೇಸಾ ಎಂದು ಕರೆಯಿತು.

ಫ್ರಾನ್ಸಿನಲ್ಲಿ ಪಾದ್ರಿ ವಿನ್ಸೆಂಟ್ ದ ಪೌಲ್ ಮತ್ತು ಲೂಯಿಸ್ ದ ಮಾರಿಯಾಕ್ 1633ರಲ್ಲಿ ಇನ್ನೊಂದು ದಾರಿ ಹುಡುಕಿದರು. ತಾವು ಕಟ್ಟಿದ ಸಂಸ್ಥೆಯ ಹುಡುಗಿಯರನ್ನು ಅವರು ಸನ್ಯಾಸಿನಿಯರೆಂದು ಕರೆಯಲೇ ಇಲ್ಲ. ಕರೆದರೆ ಕಾನೂನು ಗೋಡೆ ಕಟ್ಟುತ್ತಿತ್ತು. ರೋಗಿಗಳ ಮನೆಯೇ ನಿಮಗೆ ಮಠ, ಬಾಡಿಗೆ ಕೋಣೆಯೇ ನಿಮ್ಮ ಗೂಡು, ನಗರದ ಬೀದಿಗಳೇ ನಿಮ್ಮ ಪ್ರಾಕಾರ ಎಂದರು ವಿನ್ಸೆಂಟ್. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಸಂಸ್ಥೆಯ ಸಿಸ್ಟರ್‌ಗಳ ವ್ರತ ಇಂದಿಗೂ ಒಂದು ವರ್ಷದ್ದು. ಪ್ರತಿ ವರ್ಷ ಹೊಸದಾಗಿ, ತಾವಾಗಿ, ಮತ್ತೆ ಸ್ವೀಕರಿಸುತ್ತಾರೆ.

ಬೇರೆ ಸಂಸ್ಥೆಗಳಲ್ಲೂ ಹುಡುಗಿ ಇಂದು ಬಂದು ನಾಳೆ ಕಟ್ಟುಬೀಳುವುದಿಲ್ಲ. ನೊವಿಶಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿಯ ಕಾಲ, ಕನಿಷ್ಠ ಹನ್ನೆರಡು ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಮೂರು ವರ್ಷಕ್ಕೆ ಕಡಿಮೆ ಇಲ್ಲದಂತೆ. ಅದು ಮುಗಿದ ಮೇಲೂ ಅವಳು ತಾನಾಗಿ ಕೇಳಿಕೊಂಡರೆ ಮಾತ್ರ ಬದುಕಿಡೀ ಉಳಿಯುವ ನಿತ್ಯವ್ರತ. ಬೇಡವೆನಿಸಿದರೆ ಎದ್ದು ಬರಬಹುದು. ನಮ್ಮ ಹೆಣ್ಣುಮಕ್ಕಳ ಮದುವೆಗಳನ್ನು ನಾವು ಎಷ್ಟು ಆತುರದಲ್ಲಿ ಮುಗಿಸುತ್ತೇವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿ.

ಇನ್ನು ವಿಧೇಯತೆ. ಅಸ್ಸೀಸಿಯ ಕ್ಲಾರಾ ತಮ್ಮ ಸೋದರಿಯರಿಗಾಗಿ ಬರೆದ ನಿಯಮಾವಳಿಗೆ ಪೋಪರ ಒಪ್ಪಿಗೆ ಸಿಕ್ಕಿದ್ದು 1253ರ ಆಗಸ್ಟ್ 9ರಂದು. ಎರಡೇ ದಿನದಲ್ಲಿ ಅವರು ತೀರಿಕೊಂಡರು. ಅದರಲ್ಲಿ ಏನಿದೆ ಗೊತ್ತೇ? ಮಠಾಧ್ಯಕ್ಷೆಯನ್ನು ಸೋದರಿಯರೇ ಆರಿಸಬೇಕು. ಅವಳು ಆ ಕೆಲಸಕ್ಕೆ ತಕ್ಕವಳಲ್ಲ ಎಂದು ಎಲ್ಲರಿಗೂ ಕಂಡುಬಂದರೆ ಆದಷ್ಟು ಬೇಗ ಇನ್ನೊಬ್ಬಳನ್ನು ಆರಿಸಬೇಕು. ವಾರಕ್ಕೊಮ್ಮೆಯಾದರೂ ಎಲ್ಲರನ್ನೂ ಕೂರಿಸಿ ಮನೆಯ ವಿಚಾರ ಚರ್ಚಿಸಬೇಕು, ಏಕೆಂದರೆ ಯಾವುದು ಒಳ್ಳೆಯದೆಂಬುದನ್ನು ದೇವರು ಎಷ್ಟೋ ಸಲ ಎಲ್ಲರಿಗಿಂತ ಕಿರಿಯಳಿಗೆ ತಿಳಿಸುತ್ತಾನೆ. ಹೆಣ್ಣಿನ ಅಭಿಪ್ರಾಯವನ್ನು ಯಾರೂ ಕೇಳದಿದ್ದ ಕಾಲದಲ್ಲಿ ಮನೆಯ ಕೊನೆಯ ಹುಡುಗಿಯ ಮಾತಿಗೂ ಬೆಲೆ ಕೊಟ್ಟ ವಿಧೇಯತೆ ಇದು. ಇನ್ನೊಂದು ಉದಾಹರಣೆ: ಆಸ್ಟ್ರೇಲಿಯಾದ ಮೇರಿ ಮೆಕಿಲಪ್ ಅವರನ್ನು 1871ರಲ್ಲಿ ಅವರ ಬಿಷಪ್ಪರು ಅವಿಧೇಯತೆಯ ಆರೋಪದ ಮೇಲೆ ಧರ್ಮಸಭೆಯಿಂದಲೇ ಬಹಿಷ್ಕರಿಸಿದರು. ಮರುವರ್ಷ ಅದೇ ಬಿಷಪ್ ಸಾಯುವ ಮುನ್ನ ಬಹಿಷ್ಕಾರ ಹಿಂತೆಗೆದುಕೊಂಡರು. 2010ರಲ್ಲಿ ಮೇರಿಯನ್ನು ಸಂತರೆಂದು ಘೋಷಿಸಲಾಯಿತು. ಹೇಳಿದಂತೆ ಕುಣಿಯುವವರ ಚರಿತ್ರೆ ಹೀಗಿರುವುದಿಲ್ಲ, ಅಮ್ಮಾ.

ಹಾಗೆಂದು ಅದು ಹೂವಿನ ಹಾಸಿಗೆಯಲ್ಲ. ನೀವು ನಿಜವಾಗಿ ಚಿಂತೆ ಮಾಡಬೇಕಾದ್ದು ಗೋಡೆಯ ಬಗ್ಗೆ ಅಲ್ಲ, ಜೊತೆಗಿರುವವರ ಬಗ್ಗೆ. ತಾನು ಆರಿಸಿಕೊಳ್ಳದ ಜನರೊಡನೆ ಬದುಕಿಡೀ ಒಂದೇ ಸೂರಿನಡಿ ಇರಬೇಕು. ಹದಿನೈದನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿ ಇಪ್ಪತ್ತನಾಲ್ಕಕ್ಕೆ ತೀರಿಕೊಂಡ ಲಿಸ್ಯೂವಿನ ತೆರೇಸಾ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಧ್ಯಾನದ ಹೊತ್ತಿಗೆ ಹಿಂದೆ ಕೂತ ಸೋದರಿಯೊಬ್ಬಳು ಏನೋ ಸಣ್ಣ ಸದ್ದು ಮಾಡುತ್ತಲೇ ಇರುತ್ತಿದ್ದಳಂತೆ. ತಿರುಗಿ ದುರುಗುಟ್ಟಬೇಕೆಂಬ ಆಸೆಯನ್ನು ತಡೆದುಕೊಳ್ಳುವಷ್ಟರಲ್ಲಿ ತೆರೇಸಾ ಬೆವೆತುಹೋಗುತ್ತಿದ್ದರಂತೆ. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆ ನೀರನ್ನು ಮುಖಕ್ಕೇ ಎರಚುತ್ತಿದ್ದಳಂತೆ. ನಮ್ಮ ಹುಡುಗಿಗೆ ಇಷ್ಟು ತಾಳ್ಮೆ ಇದೆಯೇ ಎಂದು ನನ್ನನ್ನು ಕೇಳಿದ್ದರೆ ಅದು ಒಳ್ಳೆಯ ಪ್ರಶ್ನೆಯಾಗುತ್ತಿತ್ತು.

ಓದು ನೀರುಪಾಲಾಗುತ್ತದೆ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಅವಳು ಓದಿದ ವಿಷಯವನ್ನೇ ತೆಗೆದುಕೊಳ್ಳಿ. 1965ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆಯಾದವರು ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್. ಆಮೇಲೆ ತಮ್ಮ ಸಂಸ್ಥೆಯದೇ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ಕಟ್ಟಿ ಸುಮಾರು ಎರಡು ದಶಕ ಅದನ್ನು ನಡೆಸಿದರು. ಮರೆವಿನ ಕಾಯಿಲೆಯ ಬಗ್ಗೆ ಇಂದು ವೈದ್ಯಲೋಕಕ್ಕೆ ತಿಳಿದಿರುವುದರಲ್ಲಿ ಸಿಸ್ಟರ್‌ಗಳ ಪಾಲೂ ಇದೆ. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಆರಂಭಿಸಿದ ಅಧ್ಯಯನಕ್ಕೆ 678 ವೃದ್ಧ ಸಿಸ್ಟರ್‌ಗಳು ವರ್ಷವರ್ಷ ಪರೀಕ್ಷೆಗೆ ಕೂತರು, ಸತ್ತ ಮೇಲೆ ಮಿದುಳನ್ನೂ ಬಿಟ್ಟುಕೊಡಲು ಒಪ್ಪಿದರು. ಬದುಕಿನುದ್ದಕ್ಕೂ ಪಾಠ ಹೇಳಿ, ಸತ್ತ ಮೇಲೂ ಹೇಳಿದವರು ಅವರು.

ನನ್ನ ಹಳೆಯ ಅಸಮಾಧಾನವೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೆಣ್ಣಿನ ಬದುಕನ್ನು ಅಳೆಯಲು ನಮ್ಮಲ್ಲಿರುವುದು ಎರಡೇ ಅಳತೆ: ಸಂಬಳ, ಸಂಸಾರ. ಎರಡೂ ಇಲ್ಲದವಳ ಬದುಕು ವ್ಯರ್ಥ ಎಂದು ಚಿಕ್ಕಮ್ಮಂದಿರು ಮಾತ್ರವಲ್ಲ, ನಮ್ಮ ಪತ್ರಿಕಾವಲಯವೂ ನಂಬಿದೆ. ಸಿಸ್ಟರ್ ಒಬ್ಬರು ಸುದ್ದಿಯಾಗಬೇಕಾದರೆ ಒಂದೋ ಸಂತ ಪದವಿಗೇರಬೇಕು, ಇಲ್ಲವೇ ಹಗರಣದಲ್ಲಿ ಸಿಕ್ಕಿಕೊಳ್ಳಬೇಕು. ಇವೆರಡರ ನಡುವೆ ಬೆಳಗ್ಗೆ ಎದ್ದು ದುಡಿಯುವ ಸುಮಾರು ಆರು ಲಕ್ಷ ಹೆಂಗಸರು ಜಗತ್ತಿನಲ್ಲಿದ್ದಾರೆ. ಅವರ ಸಂಖ್ಯೆ ಪಾದ್ರಿಗಳಿಗಿಂತಲೂ ಹೆಚ್ಚು. 1970ರ ಹೊತ್ತಿಗೆ ಹತ್ತು ಲಕ್ಷದ ಆಸುಪಾಸಿನಲ್ಲಿದ್ದರು. ಈ ಇಳಿತದ ಬಗ್ಗೆ ಗಂಭೀರವಾದ ಲೇಖನವೊಂದನ್ನು ನಮ್ಮ ಪತ್ರಿಕೆಗಳಲ್ಲಿ ಎಲ್ಲಾದರೂ ಓದಿದ್ದೀರಾ?

ಮಾಡಿದ ಕೆಲಸದ ಹೆಸರು ಯಾರಿಗೆ ಸಲ್ಲುತ್ತದೆ ಎಂಬ ವಿಷಯಕ್ಕೆ ಬನ್ನಿ. ಅಮೆರಿಕದ ಮೇಯೊ ಕ್ಲಿನಿಕ್ ಎಂದರೆ ಯಾರಿಗೆ ಗೊತ್ತಿಲ್ಲ? 1883ರ ಆಗಸ್ಟಿನಲ್ಲಿ ರಾಚೆಸ್ಟರ್ ಊರಿನ ಒಂದು ಭಾಗವನ್ನು ಸುಂಟರಗಾಳಿ ನೆಲಸಮ ಮಾಡಿದಾಗ ಗಾಯಾಳುಗಳ ಶುಶ್ರೂಷೆಗೆ ನಿಂತವರಲ್ಲಿ ಫ್ರಾನ್ಸಿಸ್ಕನ್ ಸಿಸ್ಟರ್‌ಗಳಿದ್ದರು. ಆಮೇಲೆ ಅವರ ಮದರ್ ಆಲ್ಫ್ರೆಡ್ ಮೋಸ್, ಆಸ್ಪತ್ರೆ ಕಟ್ಟಿಸುತ್ತೇವೆ, ವೈದ್ಯಕೀಯ ನೀವು ನೋಡಿಕೊಳ್ಳಿ ಎಂದು ಡಾಕ್ಟರ್ ಮೇಯೊ ಅವರನ್ನು ಕೇಳಿದರು. ಇಷ್ಟು ಸಣ್ಣ ಊರಿನಲ್ಲಿ ಅದು ನಡೆಯದು ಎಂದರು ಡಾಕ್ಟರು. ಸಿಸ್ಟರ್‌ಗಳು ಬಿಡಲಿಲ್ಲ. ದುಡಿದು, ಉಳಿಸಿ, ಹಣ ಕೂಡಿಸಿದರು. 1889ರಲ್ಲಿ 27 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಲೋಕಕ್ಕೆ ನೆನಪಿರುವುದು ಮೇಯೊ ಮನೆತನದ ಹೆಸರು. ಕೀರ್ತಿ ಬೇಡವೆಂದು ಸಿಸ್ಟರ್‌ಗಳು ಬಿಟ್ಟುಕೊಟ್ಟಿರಬಹುದು, ಅದು ಅವರ ದೊಡ್ಡತನ. ಬರೆದಿಡುವ ಕೆಲಸದವರಾದ ನಾವು ಅದನ್ನು ಬಿಟ್ಟುಬಿಟ್ಟದ್ದಕ್ಕೆ ಅಂಥ ಯಾವ ಸಮರ್ಥನೆಯೂ ಇಲ್ಲ. 1995ರಲ್ಲಿ ಕಾಂಗೋ ದೇಶದ ಕಿಕ್ವಿಟ್‌ನಲ್ಲಿ ಎಬೋಲಾ ರೋಗಿಗಳ ಆರೈಕೆ ಮಾಡುತ್ತ ಒಂದೇ ಸಂಸ್ಥೆಯ ಆರು ಇಟಾಲಿಯನ್ ಸಿಸ್ಟರ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಬಡ ರೈತರ ಭೂಮಿಗಾಗಿ ನಿಂತ 73 ವರ್ಷದ ಸಿಸ್ಟರ್ ಡೊರೊತಿ ಸ್ಟಾಂಗ್ ಅವರನ್ನು 2005ರ ಫೆಬ್ರವರಿ 12ರಂದು ಗುಂಡಿಟ್ಟು ಕೊಂದರು. ಇವರ ಹೆಸರುಗಳನ್ನು ನಮ್ಮ ಮಕ್ಕಳು ಯಾವ ಪಾಠದಲ್ಲಿ ಓದುತ್ತಾರೆ?

ಒಂದು ಮಾತು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪಾದ್ರಿಯೋ ಸಿಸ್ಟರೋ ಆಗಲು ಬರುವ ದೈವಕರೆಗಳು ಹೆಚ್ಚಲಿ ಎಂದು 1964ರಿಂದ ವರ್ಷಕ್ಕೊಂದು ಭಾನುವಾರ ಲೋಕದ ಎಲ್ಲ ಚರ್ಚುಗಳಲ್ಲೂ ಪ್ರಾರ್ಥನೆ ನಡೆಯುತ್ತದೆ. ಪೂಜೆ ತಪ್ಪಿಸದ ನೀವು ಪ್ರತಿವರ್ಷ ಆಮೆನ್ ಎಂದಿರುತ್ತೀರಿ. ಆ ಕರೆ ಯಾರದೋ ಮನೆಯ ಹುಡುಗಿಗೆ ಬರಲಿ ಎಂದು ಬೇಡಿಕೊಂಡಿದ್ದಿರೇ?

ಅವಳನ್ನು ತಡೆಯುವ ಬದಲು ಅವಳ ಜೊತೆ ಆ ಕಾನ್ವೆಂಟಿಗೆ ಹೋಗಿ. ಮೇಲ್ವಿಚಾರಕಿಯ ಎದುರು ಸಂಕೋಚವಿಲ್ಲದೆ ಕೂತು ಕೇಳಿ: ಕಾಯಿಲೆ ಬಿದ್ದ, ವಯಸ್ಸಾದ ಸಿಸ್ಟರ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ? ಅವರ ಕೋಣೆಗಳನ್ನು ನಮಗೆ ತೋರಿಸುತ್ತೀರಾ? ದೌರ್ಜನ್ಯವಾದರೆ ದೂರನ್ನು ಯಾರಿಗೆ ಕೊಡಬೇಕು, ಕೊಟ್ಟವಳ ಪರವಾಗಿ ನಿಲ್ಲುವವರು ಯಾರು? ವರ್ಷಗಟ್ಟಲೆ ದುಡಿದು ಹೊರಬಂದವಳು ತನ್ನ ದುಡಿಮೆಗೆ ಪ್ರತಿಫಲ ಕೇಳುವಂತಿಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನಿನ 702ನೇ ವಿಧಿ. ಆದರೆ ಅವಳೊಡನೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕು ಎಂದು ಅದೇ ವಿಧಿ ಸಂಸ್ಥೆಗೂ ಹೇಳುತ್ತದೆ. ಅದನ್ನು ನೀವು ಹೇಗೆ ಪಾಲಿಸಿದ್ದೀರಿ ಎಂದು ಕೇಳಿ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ, ಬೇರೆ ಸಂಸ್ಥೆ ನೋಡು ಎಂದು ಹುಡುಗಿಗೆ ಹೇಳುವ ಹಕ್ಕು ನಿಮಗಿದೆ, ಆಗ ನಾನೂ ನಿಮ್ಮ ಪರ. ನೊವಿಶಿಯೇಟಿಗೆ ಹೋಗುವ ಮುಂಚೆ ಅವಳು ನಮಗೊಂದು ಪತ್ರ ಬರೆದರೆ ಇದೇ ಪುಟದಲ್ಲಿ, ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.

ಸಂಪಾದಕ