ಸಭೆಗಳಿಲ್ಲದ 2020ರ ಅಮೆರಿಕ ಚುನಾವಣೆ: ಮತದಾರರ ಗಮನ ಎಲ್ಲಿತ್ತು?

ಕೋವಿಡ್ ನಡುವೆಯೇ 2020ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯಿತಲ್ಲ, ಜೀವ ಉಳಿದರೆ ಸಾಕು ಅನ್ನುವ ಹೊತ್ತಿನಲ್ಲಿ ಜನಕ್ಕೆ ಪ್ರಚಾರದ ಕಡೆ ಗಮನ ಇತ್ತೇ, ಸಭೆಗಳಿಲ್ಲದೆ ಅಭ್ಯರ್ಥಿಗಳು ಮತ ಕೇಳಿದ್ದು ಹೇಗೆ ಎಂದು ಕೇಳಿದ್ದೀರಿ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಪಕ್ಕದ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ. ಆ ವರ್ಷ ಮತ ಹಾಕಿದ್ದಷ್ಟೇ ಅಲ್ಲ, ಡೆಮಾಕ್ರಟಿಕ್ ಪಕ್ಷದ ಪರವಾಗಿ ಸಂಜೆ ಹೊತ್ತು ಮತದಾರರಿಗೆ ಫೋನ್ ಮಾಡುತ್ತಿದ್ದೆ. ಆ ಒಲವನ್ನು ಲೆಕ್ಕದಲ್ಲಿಟ್ಟುಕೊಂಡೇ ಇದನ್ನು ಓದಿ.

ನಾನು ಕಂಡಂತೆ ಗಮನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆದರೆ ಅಭ್ಯರ್ಥಿಗಳನ್ನು ಬಿಟ್ಟು ಬೇರೆ ಎರಡು ಕಡೆ ಹೋಯಿತು. ಒಂದು, ರೋಗ. ಇನ್ನೊಂದು, ವೋಟು ಹಾಕುವುದು ಹೇಗೆ ಎಂಬ ಪ್ರಶ್ನೆ. ಈ ಎರಡನೆಯದರ ಬಗ್ಗೆ ಭಾರತದಲ್ಲಿ ಕೂತು ಸುದ್ದಿ ನೋಡಿದವರಿಗೆ ಹೆಚ್ಚು ಗೊತ್ತಾಗಿರಲಿಕ್ಕಿಲ್ಲ.

ಮಾರ್ಚ್ ತಿಂಗಳಲ್ಲಿ ಎಲ್ಲವೂ ಒಂದೇ ವಾರದೊಳಗೆ ಬದಲಾಯಿತು. ಮಾರ್ಚ್ 3ರ ಸೂಪರ್ ಟ್ಯೂಸ್‌ಡೇವರೆಗೆ (ಪಕ್ಷದ ಅಭ್ಯರ್ಥಿ ಯಾರೆಂದು ಆರಿಸಲು ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ದಿನ) ಎಂದಿನಂತೆ ಸಭೆ, ಕೈಕುಲುಕುವುದು, ಸೆಲ್ಫಿ. ಮಾರ್ಚ್ 10ರಂದು, ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ಪೈಪೋಟಿಯಲ್ಲಿದ್ದ ಬೈಡನ್ ಮತ್ತು ಸ್ಯಾಂಡರ್ಸ್ ಇಬ್ಬರೂ ಕ್ಲೀವ್‌ಲ್ಯಾಂಡಿನ ಸಭೆಗಳನ್ನು ರದ್ದು ಮಾಡಿದರು. 15ರಂದು ಅವರಿಬ್ಬರ ಚರ್ಚೆ ನಡೆದದ್ದು ಪ್ರೇಕ್ಷಕರೇ ಇಲ್ಲದ ಟೀವಿ ಸ್ಟುಡಿಯೊದಲ್ಲಿ. ಆಮೇಲೆ ಬೈಡನ್ ಡೆಲವೇರಿನ ವಿಲ್ಮಿಂಗ್‌ಟನ್‌ನಲ್ಲಿರುವ ತಮ್ಮ ಮನೆಯ ನೆಲಮಾಳಿಗೆಯಿಂದ ಕ್ಯಾಮೆರಾ ಮುಂದೆ ಮಾತಾಡತೊಡಗಿದರು. ಆಗಲೂ ಅಧ್ಯಕ್ಷರಾಗಿದ್ದ ರಿಪಬ್ಲಿಕನ್ ಪಕ್ಷದ ಟ್ರಂಪ್ ಶ್ವೇತಭವನದಿಂದ ದಿನವೂ ಕೋವಿಡ್ ಸುದ್ದಿಗೋಷ್ಠಿ ನಡೆಸಿದರು. ನನ್ನ ಲೆಕ್ಕದಲ್ಲಿ ಆ ಗೋಷ್ಠಿಗಳೇ ಆ ವರ್ಷದ ನಿಜವಾದ ಪ್ರಚಾರ ಸಭೆಗಳು. ಜನ ಅವನ್ನು ನೋಡುತ್ತಿದ್ದದ್ದು ರಾಜಕೀಯಕ್ಕಲ್ಲ. ಮಕ್ಕಳ ಶಾಲೆ ತೆರೆಯುತ್ತದೆಯೇ, ಕೆಲಸ ಉಳಿಯುತ್ತದೆಯೇ, ಊರಲ್ಲಿರುವ ತಂದೆತಾಯಿಯನ್ನು ನೋಡಲು ಹೋಗಬಹುದೇ ಎಂದು ತಿಳಿಯಲಿಕ್ಕೆ. ಏಪ್ರಿಲ್‌ನಲ್ಲಿ ನಿರುದ್ಯೋಗ ಶೇ 14.7ಕ್ಕೆ ಏರಿತ್ತು. ಸರ್ಕಾರ ಕಳಿಸಿದ 1,200 ಡಾಲರ್ ಪರಿಹಾರದ ಚೆಕ್ಕಿನ ಮೇಲೆ ಅಧ್ಯಕ್ಷರ ಹೆಸರು ಅಚ್ಚಾಗಿತ್ತು. ಹೀಗೆ ಆಡಳಿತವೇ ಅಂಚೆಪೆಟ್ಟಿಗೆಯೊಳಗೆ ಬಂದು ಕೂತಾಗ ಯಾರಿಗೆ ತಾನೇ ಗಮನ ಇಲ್ಲದಿರುತ್ತದೆ?

ಫೋನ್ ಮಾಡುತ್ತಿದ್ದ ನಮ್ಮ ಅನುಭವವೂ ಇದನ್ನೇ ಹೇಳುತ್ತಿತ್ತು. ಮಾಮೂಲಿ ವರ್ಷಗಳಲ್ಲಿ ಪಕ್ಷದವರ ಫೋನ್ ಅಂದರೆ ಜನ ಹೆಸರು ಕೇಳುವ ಮೊದಲೇ ಇಟ್ಟುಬಿಡುತ್ತಾರೆ. ಆ ವಸಂತದಲ್ಲಿ ಹಾಗಾಗಲಿಲ್ಲ. ಮೊದಲು ಯೋಗಕ್ಷೇಮ ವಿಚಾರಿಸಿ, ದಿನಸಿ, ಔಷಧಿ ಸಿಗುತ್ತಿದೆಯೇ ಕೇಳಿ, ಮತದ ಮಾತು ಆಮೇಲೆ ಎಂದು ನಮಗೆ ಹೇಳಿಕೊಟ್ಟಿದ್ದರು. ಒಂಟಿಯಾಗಿದ್ದ ವಯಸ್ಸಾದವರು ಬಹಳ ಹೊತ್ತು ಮಾತಾಡುತ್ತಿದ್ದರು. ಅದರಲ್ಲಿ ಮತದ ಮಾತು ಬರದೇ ಹೋದ ಕರೆಗಳೂ ಇದ್ದವು, ಅದರ ಬಗ್ಗೆ ನನಗೆ ಬೇಸರವಿಲ್ಲ.

ದೊಡ್ಡ ಸಭೆಗಳು ಪೂರ್ತಿ ನಿಂತುಹೋಗಿದ್ದವು ಎಂದೂ ಅಲ್ಲ. ಜೂನ್ 20ರಂದು ಟ್ರಂಪ್ ಒಕ್ಲಹೋಮಾದ ಟಲ್ಸಾದಲ್ಲಿ ರ‍್ಯಾಲಿ ಇಟ್ಟರು. 10 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೇಳಿದ್ದಾರೆ ಎಂದು ಅವರ ಕಡೆಯವರು ಹೇಳಿದ್ದರು. ಸುಮಾರು 19,000 ಜನ ಹಿಡಿಸುವ ಆ ಕ್ರೀಡಾಂಗಣಕ್ಕೆ ಬಂದವರು 6,200ರ ಆಸುಪಾಸು ಎಂದು ಅಲ್ಲಿನ ಅಗ್ನಿಶಾಮಕ ಇಲಾಖೆ ಲೆಕ್ಕ ಕೊಟ್ಟಿತು. ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ನಡೆಯಬೇಕಿದ್ದ ಡೆಮಾಕ್ರಟಿಕ್ ಸಮಾವೇಶ ಬಹುಪಾಲು ಪರದೆಯ ಮೇಲೆಯೇ ನಡೆಯಿತು. ಕಾರಿನಲ್ಲೇ ಕೂತು ಭಾಷಣ ಕೇಳುವ, ಚಪ್ಪಾಳೆಯ ಬದಲು ಹಾರ್ನ್ ಹೊಡೆಯುವ ಸಭೆಗಳೂ ಆದವು. ಸೆಪ್ಟೆಂಬರ್ 29ರ ಮೊದಲ ಚರ್ಚೆಯನ್ನು ಟೀವಿಯಲ್ಲಿ ಸುಮಾರು 7.3 ಕೋಟಿ ಜನ ನೋಡಿದರು. 2016ರ ಮೊದಲ ಚರ್ಚೆಗೆ ಇದ್ದವರು 8.4 ಕೋಟಿ. ಈ ಇಳಿಕೆಯನ್ನು ತೋರಿಸಿ ಜನರ ಆಸಕ್ತಿ ಕುಗ್ಗಿತ್ತು ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಬಹುತೇಕರು ಯಾರಿಗೆ ಹಾಕಬೇಕೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅವರಿಗೆ ಉಳಿದಿದ್ದ ಪ್ರಶ್ನೆ, ಹಾಕಿದ ವೋಟು ಎಣಿಕೆಗೆ ಬರುತ್ತದೆಯೇ ಎಂಬುದು.

ಆ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. ಏಪ್ರಿಲ್ 7ರಂದು ವಿಸ್ಕಾನ್ಸಿನ್ ರಾಜ್ಯದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ), ಸಾಮಾನ್ಯವಾಗಿ 180ರಷ್ಟು ಮತಗಟ್ಟೆಗಳಿರುವ ಮಿಲ್ವಾಕಿ ನಗರದಲ್ಲಿ ತೆರೆದದ್ದು ಬರೀ 5. ಜನ ಮಾಸ್ಕ್ ಹಾಕಿಕೊಂಡು ಗಂಟೆಗಟ್ಟಲೆ ನಿಂತರು. ಆ ಚಿತ್ರಗಳನ್ನು ದೇಶವೆಲ್ಲ ನೋಡಿತು. ಬೇಸಿಗೆಯಲ್ಲಿ ಅಂಚೆ ಇಲಾಖೆ ವಿಂಗಡಣಾ ಯಂತ್ರಗಳನ್ನು ತೆಗೆಯುತ್ತಿದೆ ಎಂಬ ಸುದ್ದಿ ಬಂತು, ಗಲಾಟೆಯಾಯಿತು, ಆಗಸ್ಟ್ 18ರಂದು ಅಂಚೆ ಮುಖ್ಯಸ್ಥರು ಆ ಬದಲಾವಣೆಗಳನ್ನು ಚುನಾವಣೆ ಮುಗಿಯುವವರೆಗೆ ನಿಲ್ಲಿಸುತ್ತೇವೆ ಎಂದರು. ಇನ್ನೊಂದು ಕಡೆ ಟ್ರಂಪ್ ಅಂಚೆ ಮತವೆಂದರೆ ಮೋಸ ಎಂದು ಹೇಳುತ್ತಲೇ ಇದ್ದರು.

ಪೆನ್ಸಿಲ್ವೇನಿಯಾದ ಕಥೆ ಇನ್ನೂ ಜಟಿಲ. ಕಾರಣ ಕೊಡದೆ ಯಾರು ಬೇಕಾದರೂ ಅಂಚೆಯಲ್ಲಿ ಮತ ಹಾಕುವ ಅವಕಾಶ ನಮ್ಮ ರಾಜ್ಯಕ್ಕೆ ಬಂದದ್ದೇ 2019ರ ಅಕ್ಟೋಬರ್‌ನಲ್ಲಿ. ರೂಢಿಯಾಗುವ ಮೊದಲೇ ರೋಗ ಬಂತು. ಬ್ಯಾಲೆಟ್ಟನ್ನು ಮೊದಲು ಗೋಪ್ಯ ಲಕೋಟೆಯಲ್ಲಿಟ್ಟು ಅಂಟಿಸಬೇಕು, ಅದನ್ನು ಹೊರ ಲಕೋಟೆಯಲ್ಲಿಟ್ಟು, ಅದರ ಮೇಲೆ ಸಹಿ, ತಾರೀಖು ಹಾಕಬೇಕು. ಒಳಗಿನ ಲಕೋಟೆ ಇಲ್ಲದಿದ್ದರೆ ಮತ ಅಸಿಂಧು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 17ರಂದು ಹೇಳಿತು. ಇದರಿಂದ ರಾಜ್ಯದಲ್ಲಿ 1 ಲಕ್ಷ ಮತಗಳವರೆಗೆ ಕಸದ ಬುಟ್ಟಿಗೆ ಹೋಗಬಹುದು ಎಂದು ಫಿಲಡೆಲ್ಫಿಯಾದ ಚುನಾವಣಾ ಅಧಿಕಾರಿಯೊಬ್ಬರು ಎಚ್ಚರಿಸಿದರು. 2016ರಲ್ಲಿ ಟ್ರಂಪ್ ಈ ರಾಜ್ಯ ಗೆದ್ದದ್ದು 44,000 ಚಿಲ್ಲರೆ ಮತಗಳಿಂದ. ಈಗ ಹೇಳಿ, ನೀವು ಇಲ್ಲಿನ ಮತದಾರರಾಗಿದ್ದರೆ ಭಾಷಣ ಕೇಳುತ್ತಿದ್ದಿರೋ, ಲಕೋಟೆಯ ಮೇಲಿನ ಸೂಚನೆ ಓದುತ್ತಿದ್ದಿರೋ?

ಅಲ್ಲಿಂದ ಮುಂದೆ ನಮ್ಮ ಫೋನ್ ಕರೆಗಳ ಸ್ವರೂಪವೇ ಬೇರೆಯಾಯಿತು. ಬೈಡನ್ ಒಳ್ಳೆಯವರು, ಅವರ ಯೋಜನೆ ಇಂಥದ್ದು ಎಂಬ ಮಾತು ಹಿಂದಕ್ಕೆ ಹೋಯಿತು. ಅರ್ಜಿ ಹಾಕಿದಿರಾ, ಬ್ಯಾಲೆಟ್ ಬಂತಾ, ಕಪ್ಪು ಅಥವಾ ನೀಲಿ ಶಾಯಿಯಲ್ಲೇ ತುಂಬಿ, ಎರಡೂ ಲಕೋಟೆ ಮರೆಯಬೇಡಿ, ಅಂಚೆಗೆ ಹಾಕುವ ಧೈರ್ಯ ಇಲ್ಲದಿದ್ದರೆ ಕೌಂಟಿಯ ಡ್ರಾಪ್‌ಬಾಕ್ಸ್ (ಬ್ಯಾಲೆಟ್ಟನ್ನು ನೇರವಾಗಿ ಹಾಕುವ ಪೆಟ್ಟಿಗೆ) ಇಂಥ ಕಡೆ ಇದೆ. ಇದೇ ನಮ್ಮ ಪ್ರಚಾರ. ಸ್ನೇಹಿತರೊಬ್ಬರ ತಾಯಿ ಮೈಸೂರಿನವರು, ಇಲ್ಲಿನ ಪೌರತ್ವ ಪಡೆದವರು. ಬ್ಯಾಲೆಟ್ ಬಂದ ದಿನ ಫೋನ್ ಮಾಡಿ, "ಇದೇನಪ್ಪಾ, ಕವರೊಳಗೆ ಇನ್ನೊಂದು ಕವರು? ಎಲ್ಲಿ ಸಹಿ ಹಾಕಲಿ?" ಎಂದರು. "ಒಳಗಿನದರ ಮೇಲೆ ಏನೂ ಬರೀಬೇಡಿ ಆಂಟಿ, ಹೊರಗಿನದಕ್ಕೆ ಮಾತ್ರ ಸಹಿ" ಎಂದು ವಿಡಿಯೊ ಕರೆಯಲ್ಲಿ ಒಂದೊಂದಾಗಿ ಮಾಡಿಸಿದೆ. ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪಿನಲ್ಲೂ ಅದೇ ವಿಷಯ. ಪಕ್ಷದ ಜಗಳಕ್ಕೆ ಹೆಸರಾದ ಗುಂಪು ಅದು. ಆ ಎರಡು ತಿಂಗಳು ಟ್ರಂಪ್ ಕಡೆಯವರೂ ಬೈಡನ್ ಕಡೆಯವರೂ ಒಬ್ಬರಿಗೊಬ್ಬರು ಡ್ರಾಪ್‌ಬಾಕ್ಸ್ ವಿಳಾಸ ಹೇಳಿಕೊಂಡದ್ದು ನನಗೆ ಇವತ್ತಿಗೂ ಇಷ್ಟದ ಸಂಗತಿ.

ಮತವೇ ಇಲ್ಲದವರ ಗಮನದ ಬಗ್ಗೆಯೂ ಹೇಳಬೇಕು. ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರು ಇಲ್ಲಿ ಸಾವಿರಾರು. ಜೂನ್ 22ರ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ ಪ್ರವೇಶವನ್ನು ವರ್ಷಾಂತ್ಯದವರೆಗೆ ತಡೆಯಿತು. ವೀಸಾ ಕಚೇರಿಗಳೂ ಮುಚ್ಚಿದ್ದವು. ಬೆಂಗಳೂರಿಗೆ ಹೋದ ಗಂಡ ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ ಅನ್ನುವ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡ ಮನೆಗಳಿದ್ದವು. ಈ ಚುನಾವಣೆಯನ್ನು ಅವರಷ್ಟು ಏಕಾಗ್ರವಾಗಿ ನೋಡಿದವರನ್ನು ನಾನು ಕಾಣೆ.

ಬೀದಿಯ ಅಬ್ಬರದಿಂದ ಮತದಾರರ ಗಮನ ಅಳೆಯಲಾಗದು ಎಂಬುದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ. ಅಮೆರಿಕದ ಮತದಾನದ ದಿನ, ನವೆಂಬರ್ 3ರಂದೇ, ಕರ್ನಾಟಕದಲ್ಲಿ ಶಿರಾ ಮತ್ತು ರಾಜರಾಜೇಶ್ವರಿ ನಗರ ಉಪಚುನಾವಣೆ ನಡೆಯಿತು. ಮನೆಮನೆ ಪ್ರಚಾರಕ್ಕೆ 5 ಜನರ ಮಿತಿ ಈ ಎರಡೂ ಕ್ಷೇತ್ರಗಳಲ್ಲಿ ಒಂದೇ. ಶಿರಾದಲ್ಲಿ ಶೇ 80ಕ್ಕಿಂತ ಹೆಚ್ಚು ಮತದಾನವಾಯಿತು, ಬೆಂಗಳೂರಿನ ಕ್ಷೇತ್ರದಲ್ಲಿ ಅರ್ಧವೂ ಆಗಲಿಲ್ಲ. ಅದೇ ರೋಗ, ಅದೇ ನಿಯಮ.

ಅಮೆರಿಕದಲ್ಲಿ ಮತ ಹಾಕುವ ಅರ್ಹತೆ ಇದ್ದವರಲ್ಲಿ ಮೂರನೇ ಎರಡರಷ್ಟು ಜನ ಹಾಕಿದರು. 1900ರ ನಂತರ ಅಷ್ಟು ಪ್ರಮಾಣ ಕಂಡಿರಲಿಲ್ಲ. 10 ಕೋಟಿಗೂ ಹೆಚ್ಚು ಮತಗಳು ಮತದಾನದ ದಿನಕ್ಕೆ ಮೊದಲೇ ಬಿದ್ದಿದ್ದವು. ಪೆನ್ಸಿಲ್ವೇನಿಯಾದಲ್ಲಿ ಸುಮಾರು 26 ಲಕ್ಷ ಜನ ಅಂಚೆಯಲ್ಲಿ ಹಾಕಿದರು. ಆ ಲಕೋಟೆಗಳನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮೊದಲು ತೆರೆಯುವಂತಿಲ್ಲ ಎಂಬ ಕಾನೂನಿನಿಂದಾಗಿ ಎಣಿಕೆ ಎಳೆಯಿತು. ನವೆಂಬರ್ 7ರ ಶನಿವಾರವಷ್ಟೇ ಈ ರಾಜ್ಯ ಬೈಡನ್‌ಗೆ ಎಂದು ಸುದ್ದಿಸಂಸ್ಥೆಗಳು ಸಾರಿದವು. ಅಂತರ ಸುಮಾರು 80,000.

ಜನ ಯಾವ ವಿಷಯ ನೋಡಿ ಹಾಕಿದರು ಅನ್ನುವುದಕ್ಕೆ ಎರಡು ದೊಡ್ಡ ಸಮೀಕ್ಷೆಗಳು ಬೇರೆ ಬೇರೆ ಉತ್ತರ ಕೊಟ್ಟವು. ಟೀವಿ ಸಂಸ್ಥೆಗಳ ಎಕ್ಸಿಟ್ ಪೋಲ್‌ನಲ್ಲಿ ಆರ್ಥಿಕತೆ ಮೊದಲು, ಸಾಂಕ್ರಾಮಿಕ ಶೇ 17ರೊಂದಿಗೆ ಕೆಳಗಿನ ಸ್ಥಾನದಲ್ಲಿ. ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ಸಮೀಕ್ಷೆಯಲ್ಲಿ ಸಾಂಕ್ರಾಮಿಕವೇ ಮೊದಲು, ಸುಮಾರು ಶೇ 41. ಇವನ್ನು ಎದುರುಬದುರು ನಿಲ್ಲಿಸುವುದು ತಪ್ಪು ಅನಿಸುತ್ತದೆ. ನಮ್ಮ ರಸ್ತೆಯ ಹೋಟೆಲ್ ಮುಚ್ಚಿದವನು "ಆರ್ಥಿಕತೆ" ಎಂದು ಗುರುತು ಹಾಕಿರುತ್ತಾನೆ, ಆಸ್ಪತ್ರೆಯ ನರ್ಸ್ "ಸಾಂಕ್ರಾಮಿಕ" ಎಂದು. ಇಬ್ಬರೂ ಹೇಳಿದ್ದು ಒಂದೇ ವರ್ಷದ ಬಗ್ಗೆ.

ಹಾಗಾದರೆ ಸಭೆ, ಮನೆಭೇಟಿ ಇಲ್ಲದ್ದರಿಂದ ಏನೂ ನಷ್ಟವಾಗಲಿಲ್ಲವೇ? ಆಯಿತು, ಅದು ಕೆಳಗಿನ ಹುದ್ದೆಗಳಲ್ಲಿ. ಟ್ರಂಪ್, ಬೈಡನ್ ಯಾರೆಂದು ಯಾರಿಗೂ ಪರಿಚಯಿಸಬೇಕಿರಲಿಲ್ಲ. ರಾಜ್ಯ ಶಾಸನಸಭೆಗೆ, ರಾಜ್ಯದ ಖಜಾಂಚಿ ಹುದ್ದೆಗೆ ನಿಂತವರನ್ನು ಬಾಗಿಲಲ್ಲಿ ನಿಂತು ಪರಿಚಯಿಸದೆ ಬೇರೆ ದಾರಿ ಇಲ್ಲ. ನಮ್ಮ ಪಕ್ಷ ಸೋಂಕಿನ ಭಯಕ್ಕೆ ಅಕ್ಟೋಬರ್‌ವರೆಗೆ ಬಹುಮಟ್ಟಿಗೆ ಬಾಗಿಲು ತಟ್ಟಲಿಲ್ಲ, ರಿಪಬ್ಲಿಕನ್ನರು ಬೇಸಿಗೆಯಿಂದಲೇ ತಟ್ಟಿದರು. ಸಾಲದ್ದಕ್ಕೆ ಒಂದೇ ಗುರುತಿನಿಂದ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯವನ್ನು ಅದೇ 2019ರ ಕಾನೂನು ತೆಗೆದುಹಾಕಿತ್ತು. ಪ್ರತಿ ಹುದ್ದೆಗೂ ಬೇರೆ ಗುರುತು ಹಾಕಬೇಕು. ಬೈಡನ್ ಗೆದ್ದ ಈ ರಾಜ್ಯದಲ್ಲೇ ಡೆಮಾಕ್ರಟ್ ಖಜಾಂಚಿ ಜೋ ಟೊರ್ಸೆಲ್ಲಾ ಸೋತರು, ರಾಜ್ಯದ ಲೆಕ್ಕಪತ್ರ ತಪಾಸಣೆ ಮಾಡುವ ಆಡಿಟರ್ ಜನರಲ್ ಹುದ್ದೆಯೂ ನಮ್ಮ ಕೈಬಿಟ್ಟಿತು. ದೇಶದ ಮಟ್ಟದಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ನಮ್ಮ ಪಕ್ಷದ ಸ್ಥಾನಗಳು 2018ರ 235ರಿಂದ 222ಕ್ಕೆ ಇಳಿದವು. ಇದಕ್ಕೆ ಬಾಗಿಲು ತಟ್ಟದ್ದೊಂದೇ ಕಾರಣ ಎಂದು ನಾನು ವಾದಿಸುವುದಿಲ್ಲ. ಆದರೆ ಫೋನಿನಲ್ಲಿ ಲಕೋಟೆಯ ಮಾತು ಮುಗಿಸುವಷ್ಟರಲ್ಲಿ ಎದುರಿನವರ ತಾಳ್ಮೆಯೂ ಮುಗಿದಿರುತ್ತಿತ್ತು, ಖಜಾಂಚಿ ಹುದ್ದೆಗೆ ಯಾರು ನಿಂತಿದ್ದಾರೆ ಎಂದು ಹೇಳಲು ನಮಗೆ ಸಮಯ ಸಿಗುತ್ತಿರಲಿಲ್ಲ.