ಮೂರು ವರ್ಷದ ಕರಾರೋ, ಒಂದು ಸೀಸನ್ನಿನ ಕರೆಯೋ?

ಪ್ರಶ್ನೆ: ನಾನು ಬೆಳಗಾವಿಯವನು, 22 ವರ್ಷ, ಹಾಕಿಯಲ್ಲಿ ಡಿಫೆಂಡರ್. ರಾಜ್ಯ ತಂಡಕ್ಕೆ ಆಡಿದ್ದೇನೆ. ಹೊರರಾಜ್ಯದ ಖಾಸಗಿ ಕಂಪನಿಯೊಂದು ತನ್ನ ತಂಡಕ್ಕೆ ತಿಂಗಳ ಸಂಬಳದ ಮೇಲೆ ಮೂರು ವರ್ಷದ ಕರಾರಿಗೆ ಕರೆದಿದೆ. ಕಾಯಂ ನೌಕರಿಯ ಮಾತಿಲ್ಲ. ಜರ್ಮನಿಯ ಕ್ಲಬ್ಬೊಂದು ಅದಕ್ಕಿಂತ ಹೆಚ್ಚಿನ ಹಣಕ್ಕೆ, ಆದರೆ ಒಂದೇ ಸೀಸನ್‌ಗೆ ಕರೆದಿದೆ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಅಪ್ಪ ಮೂರು ವರ್ಷದ್ದಕ್ಕೇ ಸಹಿ ಹಾಕು ಎನ್ನುತ್ತಾರೆ. ಅಣ್ಣ ಜರ್ಮನಿಗೆ ಹೋಗು ಎನ್ನುತ್ತಾನೆ. ಐಸ್ ಹಾಕಿಯ ದೊಡ್ಡ ಆಟಗಾರರು ದೀರ್ಘ ಕರಾರನ್ನೇ ಬಯಸುತ್ತಾರೆ ಎಂಬುದು ಏಜೆಂಟರ ವಾದ. ನಾನು ಒಪ್ಪದೆ ಇರುವುದರಿಂದ ಅಪ್ಪ ಮಾತು ಬಿಟ್ಟಿದ್ದಾರೆ. ಕರಾರಿನ ಪ್ರತಿ ಕಳಿಸಿದ್ದೇನೆ.
– ಹೆಸರು ಬೇಡ, ಬೆಳಗಾವಿ

ಉತ್ತರ: ನೀವು ಕಳಿಸಿದ ಪ್ರತಿಯ ಒಂಬತ್ತನೆಯ ಕಲಮನ್ನು ಮನೆಯಲ್ಲಿ ಯಾರೂ ಪೂರ್ತಿ ಓದಿದಂತೆ ಕಾಣುವುದಿಲ್ಲ. ಆಟ ತೃಪ್ತಿಕರವಾಗಿಲ್ಲವೆಂದು ಕಂಡರೆ, ಅಥವಾ ಗಾಯದಿಂದ ಎರಡು ತಿಂಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ, 30 ದಿನಗಳ ನೋಟಿಸ್ ಕೊಟ್ಟು ಕಂಪನಿ ನಿಮ್ಮನ್ನು ಕೈಬಿಡಬಹುದು. ನೀವಾಗಿ ನಡುವೆ ಬಿಟ್ಟರೆ ಮಾತ್ರ ಆರು ತಿಂಗಳ ಸಂಬಳವನ್ನು ಮರಳಿ ಕಟ್ಟಬೇಕು. ಆದ್ದರಿಂದ ಈ ಕಾಗದ ನಿಮ್ಮ ಪಾಲಿಗೆ ಮೂರು ವರ್ಷದ್ದು, ಕಂಪನಿಯ ಪಾಲಿಗೆ ಒಂದೇ ತಿಂಗಳದ್ದು. ಕರಾರಿನ ಉದ್ದವನ್ನು ಅಳೆಯುವ ಮೊದಲು ಅದನ್ನು ಯಾರು ಮುರಿಯಬಹುದು, ಮುರಿದವರು ಎಷ್ಟು ತೆರಬೇಕು ಎಂಬುದನ್ನು ನೋಡಬೇಕಿತ್ತು.

ಏಜೆಂಟರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ ಹೇಳಿದ್ದಾರೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ದೀರ್ಘ ಕರಾರಿಗೆ ಬೆಲೆ ಬಂದಿರುವುದು ಅಲ್ಲಿ ತಂಡಕ್ಕೆ ಆಟಗಾರನನ್ನು ಬರಿಗೈಯಲ್ಲಿ ಕಳಿಸಲು ಆಗುವುದಿಲ್ಲ ಎಂಬ ಕಾರಣಕ್ಕೆ: ನಡುವೆ ಕರಾರು ಕೊನೆಗೊಳಿಸುವ ತಂಡ, ಆಟಗಾರನಿಗೆ 26 ವರ್ಷ ತುಂಬಿದ್ದರೆ, ಉಳಿದ ಸಂಬಳದ ಮೂರರಲ್ಲಿ ಎರಡು ಪಾಲನ್ನು ಕೊಡಲೇಬೇಕು. ನ್ಯೂಯಾರ್ಕ್ ಐಲೆಂಡರ್ಸ್ ತಂಡ 2006ರಲ್ಲಿ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ ಅವರೊಂದಿಗೆ 15 ವರ್ಷಕ್ಕೆ 6.75 ಕೋಟಿ ಡಾಲರಿನ ಕರಾರು ಮಾಡಿಕೊಂಡಿತು. ಗಾಯಗಳ ಮೇಲೆ ಗಾಯಗಳಾಗಿ 2013ರಲ್ಲಿ ಅವರನ್ನು ಬಿಟ್ಟಿತಾದರೂ, 2029ರವರೆಗೆ ವರ್ಷಕ್ಕೆ 15 ಲಕ್ಷ ಡಾಲರ್ ಕೊಡುವ ಹೊಣೆ ಅದರ ಮೇಲೇ ಉಳಿಯಿತು. ನಿಮ್ಮ ಒಂಬತ್ತನೆಯ ಕಲಮಿನಡಿ ಅದೇ ಗಾಯವಾದರೆ ನಿಮಗೆ ದಕ್ಕುವುದು ಒಂದು ತಿಂಗಳ ಸಂಬಳ. (ಏಜೆಂಟರ ಕಮಿಷನ್ ಕರಾರಿನ ಒಟ್ಟು ಮೊತ್ತದ ಮೇಲೋ, ಕೈಗೆ ಬಂದ ಹಣದ ಮೇಲೋ ಎಂದು ಒಮ್ಮೆ ಕೇಳಿ ನೋಡಿ.) ಒಂದು ವರ್ಷದ ಕರಾರು ಯಾವಾಗಲೂ ಲಾಭವೆಂದೂ ನಾನು ಹೇಳುತ್ತಿಲ್ಲ. ಅದೇ ಲೀಗ್‌ನ ಆಟಗಾರ ಟೇಲರ್ ಹಾಲ್ 2020ರಲ್ಲಿ ಬಫಲೊ ತಂಡದೊಂದಿಗೆ 80 ಲಕ್ಷ ಡಾಲರಿಗೆ ಒಂದೇ ವರ್ಷದ ಕರಾರು ಮಾಡಿಕೊಂಡು, ಅಲ್ಲಿ 37 ಪಂದ್ಯಗಳಲ್ಲಿ ಎರಡೇ ಗೋಲು ಹೊಡೆದು, ಸೀಸನ್ ಮುಗಿಯುವ ಮೊದಲೇ ಬೇರೆ ತಂಡದ ಪಾಲಾದರು.

ನಮ್ಮ ಹಾಕಿಯಲ್ಲಿ ದೀರ್ಘ ಕರಾರು ಎಂದರೆ ಇಂದಿಗೂ ನೌಕರಿಯೇ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲರ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಹುಬ್ಬಳ್ಳಿಯಲ್ಲೇ ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಇದೆ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯೋಮಿತಿ 18ರಿಂದ 25, ಅದರಲ್ಲೂ ಪರಿಗಣನೆಗೆ ಬರುವುದು ಇತ್ತೀಚಿನ ಕೆಲವೇ ವರ್ಷಗಳ ಸಾಧನೆ. ಈಗ ಸಹಿ ಹಾಕಿದರೆ ಮೂರು ವರ್ಷ ಮುಗಿಯುವ ಹೊತ್ತಿಗೆ ನಿಮಗೆ 25 ತುಂಬಿರುತ್ತದೆ. ಕಾಯಂ ಮಾಡುವ ಮಾತೇ ಇಲ್ಲದ ಕಂಪನಿ, ನೌಕರಿಗೆ ಅರ್ಜಿ ಹಾಕಬಹುದಾದ ವರ್ಷಗಳನ್ನೇ ನಿಮ್ಮಿಂದ ಕೇಳುತ್ತಿದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಆಕ್ಷೇಪವಾಗಿ ಕಾಣುತ್ತದೆ.

ಸಂಬಳದ ಜೊತೆಗೆ ನಮ್ಮ ದೇಶದ ಹಾಕಿ ಲೀಗ್‌ನ ಹಣವೂ ಸೇರುತ್ತದಲ್ಲ ಎಂಬ ಕಂಪನಿಯವರ ಸಮಾಧಾನವನ್ನು ನೆಚ್ಚಬೇಡಿ. ಪ್ರೀಮಿಯರ್ ಹಾಕಿ ಲೀಗ್ 2005ರಲ್ಲಿ ಶುರುವಾಗಿ 2008ಕ್ಕೆ ನಿಂತಿತು, ವರ್ಲ್ಡ್ ಸೀರೀಸ್ ಹಾಕಿ 2012ರಲ್ಲಿ ಒಮ್ಮೆ ನಡೆದು ಮುಗಿಯಿತು, 2013ರ ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತು ಮತ್ತೆ ಶುರುವಾದದ್ದು 2024ರ ಡಿಸೆಂಬರಿನಲ್ಲಿ. ಅದಕ್ಕಾಗಿ ನಡೆದ ಆಟಗಾರರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ಬಂತು ನಿಜ. ಆದರೆ ಎಲ್ಲಕ್ಕಿಂತ ಕಡಿಮೆ ಮೂಲ ಬೆಲೆ 2 ಲಕ್ಷವಿತ್ತು, ಪಂದ್ಯಗಳು ಐದೇ ವಾರಗಳಲ್ಲಿ ಮುಗಿದವು. ಬಂದರೆ ಬರಲಿ, ಮನೆಯ ಲೆಕ್ಕಕ್ಕೆ ಹಿಡಿಯಬೇಡಿ.

ಹನ್ನೆರಡನೆಯ ಕಲಮಿನಲ್ಲಿ, ಕರಾರು ಮುಗಿದ ಮೇಲೂ ಬೇರೆ ತಂಡದ ಕರೆಯನ್ನು ಮೊದಲು ಈ ಕಂಪನಿಗೇ ತೋರಿಸಿ, ಅದು ಅಷ್ಟೇ ಹಣ ಕೊಟ್ಟರೆ ಇಲ್ಲೇ ಉಳಿಯಬೇಕು ಎಂದಿದೆ. ಇಂಥದೇ ಷರತ್ತು ಕ್ರಿಕೆಟಿಗ ಜಹೀರ್ ಖಾನ್ ಅವರ ಕರಾರಿನಲ್ಲಿತ್ತು. ಅವಧಿ ಮುಗಿದ ಮೇಲೆ ಅದು ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನ ಪ್ರಕಾರ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೂ ಕೋರ್ಟಿನಲ್ಲಿ ತೀರ್ಪು ಬರುವಷ್ಟರಲ್ಲಿ ಎಷ್ಟೋ ಸೀಸನ್‌ಗಳು ಮುಗಿದಿರುತ್ತವೆ, ಈಗಲೇ ಹೊಡೆದುಹಾಕಿಸಿ.

ನನ್ನ ಅಭಿಪ್ರಾಯದಲ್ಲಿ ಕಂಪನಿಗೆ ಒಂದು ಅವಕಾಶ ಕೊಡಬೇಕು. ಎರಡೂ ಕಡೆಗೆ ಒಂದೇ ನೋಟಿಸ್ ಅವಧಿ, ಗಾಯವಾದಾಗ ಚಿಕಿತ್ಸೆಯ ಖರ್ಚು ಮತ್ತು ಕನಿಷ್ಠ ಆರು ತಿಂಗಳ ಸಂಬಳ, ಸರಕಾರಿ ನೌಕರಿ ಸಿಕ್ಕರೆ ದಂಡವಿಲ್ಲದೆ ಬಿಡುಗಡೆ – ಇಷ್ಟನ್ನು ಒಪ್ಪಿದರೆ ಸಹಿ ಹಾಕಿ; ಆಗ ನಿಮ್ಮ ತಂದೆ ಹೇಳುವ ಭದ್ರತೆ ಅದರಲ್ಲಿ ನಿಜವಾಗಿಯೂ ಇರುತ್ತದೆ. ಒಪ್ಪದಿದ್ದರೆ ಜರ್ಮನಿಗೆ ಹೋಗಿ. ಅಲ್ಲಿಯ ಪತ್ರದಲ್ಲಿ ವಸತಿ, ವಿಮಾನ ಟಿಕೆಟ್, ಕ್ಲಬ್ಬಿನ ಮಕ್ಕಳಿಗೆ ನೀವು ಕೋಚಿಂಗ್ ಕೊಡುವುದು ಎಲ್ಲ ಇವೆ, ವೈದ್ಯಕೀಯ ವಿಮೆಯ ಮಾತಿಲ್ಲ, ಅದನ್ನು ಬರೆಸಿಕೊಳ್ಳಿ. ಸೀನಿಯರ್ ನ್ಯಾಷನಲ್ಸ್ (ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್) ತಪ್ಪಿದರೆ ರೈಲ್ವೆಗೆ ತೋರಿಸುವ ಸಾಧನೆ ಕಡಿಮೆಯಾಗುವುದರಿಂದ ಆ ದಿನಗಳಿಗೆ ರಜೆಯನ್ನೂ ಕೇಳಿ.

ತಂದೆಯವರೊಂದಿಗೆ ಜರ್ಮನಿಯ ವಿಷಯ ಎತ್ತಬೇಡಿ. ಒಂಬತ್ತನೆಯ ಕಲಮನ್ನು ಕನ್ನಡದಲ್ಲಿ ಬರೆದು ಅವರ ಮುಂದಿಡಿ. ಗುತ್ತಿಗೆ ಆಳಿಗೂ ಕಾಯಂ ಆಳಿಗೂ ಇರುವ ಅಂತರವನ್ನು ಫೌಂಡ್ರಿಯಲ್ಲಿ ದುಡಿದವರಿಗೆ ಯಾವ ಅಂಕಣಕಾರರೂ ಕಲಿಸಬೇಕಿಲ್ಲ. ಕಂಪನಿಯವರೊಂದಿಗೆ ಮಾತಾಡಲು ಅವರನ್ನೇ ಕರೆದುಕೊಂಡು ಹೋದರೂ ಒಳ್ಳೆಯದೇ. ಫೋನಿನಲ್ಲಿ ಕೊಟ್ಟ ಭರವಸೆ ಏನೇ ಇರಲಿ, ತಿದ್ದಿದ ಪ್ರತಿ ಕೈಗೆ ಬರುವವರೆಗೆ ಸಹಿ ಹಾಕಬೇಡಿ.